ಹಳೇ ಕುರ್ಚಿ ರಿಪೇರಿಗೆ ಯಾವ ಅಂಟು, ಯಾವ ಮರ, ಯಾವ ಪಾಲಿಶ್?

ನನ್ನ ಮುಂದೆ ಈಗ ತೇಗದ ಒಂದು ಆರಾಮ ಕುರ್ಚಿ ಇದೆ. ಮಲೆನಾಡಿನ ಮನೆಗಳ ಜಗಲಿಯಲ್ಲಿ ಇರುತ್ತಲ್ಲ, ಉದ್ದನೆಯ ಕೈಗಳ, ಬೆತ್ತ ಹೆಣೆದ ಕುರ್ಚಿ, ಅದೇ. ಹಿಂದಿನ ಒಂದು ಕಾಲು ಅಲ್ಲಾಡುತ್ತದೆ. ಬೆತ್ತ ನಡುವೆ ಜೋತುಬಿದ್ದಿದೆ. ಬಲಗೈ ಮೇಲೆ ಲೋಟ ಇಟ್ಟ ಬಿಳಿ ಉಂಗುರ. ಒಂದು ಅಡ್ಡಪಟ್ಟಿಗೆ ಕುಟ್ಟೆ ಹಿಡಿದಿದೆ. ಕಲಿಯುವವರಿಗೆ ಇದು ಒಳ್ಳೆ ಪಾಠ. ಅಂಟು, ಮರ, ಸ್ಕ್ರೂ, ಪಾಲಿಶ್, ಬೆತ್ತ ಎಲ್ಲವನ್ನೂ ನಾವೇ ಆರಿಸಬೇಕು.

ಅಂಗಡಿಗೆ ಹೋದರೆ "ಯಾವುದು ಗಟ್ಟಿ?" ಅಂತ ಕೇಳುವುದು ನಮ್ಮ ಅಭ್ಯಾಸ. ಹಳೇ ಸಾಮಾನಿನ ವಿಷಯದಲ್ಲಿ ಮೊದಲು ಕೇಳಬೇಕಾದ್ದು ಬೇರೆ: ನಾಳೆ ಇದನ್ನು ಬಿಚ್ಚಲು ಬರುತ್ತದಾ? ತೇಗದ ಕುರ್ಚಿ ನಮಗಿಂತ ಜಾಸ್ತಿ ವರ್ಷ ಬಾಳುತ್ತದೆ. ನಮ್ಮ ನಂತರವೂ ಯಾರೋ ಇದನ್ನು ರಿಪೇರಿ ಮಾಡುತ್ತಾರೆ. ಅವರ ಕೈ ಕಟ್ಟುವಂಥ ವಸ್ತು ಎಷ್ಟೇ ಗಟ್ಟಿಯಾಗಿದ್ದರೂ ಬೇಡ. ಮುಂದೆ ಬರೆದಿರುವುದನ್ನೆಲ್ಲ ಈ ಒಂದು ಪ್ರಶ್ನೆ ಇಟ್ಟುಕೊಂಡೇ ಓದಿ.

ಅಂಟು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಜಾಸ್ತಿ ತಪ್ಪುಗಳಾಗುವುದು ಇಲ್ಲೇ.

ಹಳೇ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಇರುವುದು ಮರವಜ್ರ. ಸರೇಸು ಅಂತಲೂ ಕರೆಯುತ್ತಾರೆ. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು ಇದು. ಒಣಗಿದ ಹಳಕುಗಳನ್ನು ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಶಾಖ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ನೇರ ಬೆಂಕಿಯ ಮೇಲಿಟ್ಟು ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಹಚ್ಚಿದ ಮೇಲೆ ಜಾಸ್ತಿ ಸಮಯ ಸಿಗುವುದಿಲ್ಲ, ತಣ್ಣಗಾಗುತ್ತಲೇ ಬಿಗಿಯುತ್ತದೆ. ಅದಕ್ಕೇ ಕ್ಲಾಂಪ್, ಹಗ್ಗ, ಒದ್ದೆ ಬಟ್ಟೆ ಎಲ್ಲ ಪಕ್ಕದಲ್ಲೇ ಇರಬೇಕು.

ಇಷ್ಟೆಲ್ಲ ಕಷ್ಟ ಯಾಕೆ? ಎರಡು ಕಾರಣ ಇವೆ. ಬಿಸಿ ಮತ್ತು ತೇವ ಕೊಟ್ಟರೆ ಮರವಜ್ರ ಮತ್ತೆ ಮೆತ್ತಗಾಗುತ್ತದೆ, ಜಾಯಿಂಟ್ ಮರ ಸೀಳದೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು, ಹೊಸ ಮರವಜ್ರ ಹಳೇ ಮರವಜ್ರದ ಮೇಲೆಯೂ ಹಿಡಿಯುತ್ತದೆ.

ಬಿಳಿ ಅಂಟು, ಅಂದರೆ ಪಿವಿಎ, ಹಾಗಲ್ಲ. ಹೊಸ ಮರಕ್ಕೆ ಅದು ನಿಜಕ್ಕೂ ಒಳ್ಳೆಯದು. ಆದರೆ ಅದು ಮರದ ನಾರಿನೊಳಗೆ ಇಳಿದು ಹಿಡಿಯಬೇಕು. ಹಳೇ ಅಂಟಿನ ಪದರ ಅಡ್ಡ ಇದ್ದರೆ ಇಳಿಯುವುದಕ್ಕೆ ದಾರಿಯೇ ಇಲ್ಲ. ಕಲಿಯಲು ಶುರು ಮಾಡಿದಾಗ ನಾನು ಒಂದು ಊಟದ ಕುರ್ಚಿಗೆ, ಜಾಯಿಂಟ್ ಪೂರ್ತಿ ಬಿಚ್ಚದೆ, ಸಂದಿಗೆ ಬಿಳಿ ಅಂಟು ಸುರಿದು ಹಗ್ಗ ಬಿಗಿದಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಅಲ್ಲಾಡಿತು. ಬಿಚ್ಚಿ ನೋಡಿದರೆ ಮರವಜ್ರದ ಮೇಲೆ ಬಿಳಿ ಅಂಟು ರಬ್ಬರಿನ ಹಾಗೆ ಕೂತಿತ್ತು. ಉಳಿಯಿಂದ ಕೆರೆಯುವಾಗ ಅಂಟಿನ ಜೊತೆ ಮರವೂ ಬಂತು. ಅಡ್ಡಪಟ್ಟಿಯ ತುದಿಯಲ್ಲಿ ಕಾಲಿನ ತೂತಿಗೆ ಹೊಗುವ ನಾಲಗೆ ಇರುತ್ತಲ್ಲ, ಅದು ಸಣ್ಣಗಾಗಿ ತೂತಿನಲ್ಲಿ ಸಡಿಲವಾಯಿತು. ಕೊನೆಗೆ ತೇಗದ ತೆಳು ಚಕ್ಕೆಗಳನ್ನು ನಾಲಗೆಗೆ ಅಂಟಿಸಿ ದಪ್ಪ ಮಾಡಿ ಕೂರಿಸಬೇಕಾಯಿತು. ಇಡೀ ಒಂದು ವಾರದ ಕೆಲಸ. ಆ ನಾಲಗೆಯನ್ನು ಮೊದಲು ಕೊರೆದವರು ಎಷ್ಟು ಅಚ್ಚುಕಟ್ಟಾಗಿ ಕೊರೆದಿದ್ದರು ಅನ್ನೋದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದನ್ನು ಹಾಳು ಮಾಡಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿ ಹಚ್ಚುವ ಅಂಟು? ಮರ ಕೊಳೆತು ಟೊಳ್ಳಾಗಿ, ಬೇರೆ ದಾರಿಯೇ ಇಲ್ಲದ ಕಡೆ ಮಾತ್ರ. ಜಾಯಿಂಟಿಗೆ ಹಾಕಿದರೆ ಮುಂದಿನವರು ಗರಗಸವನ್ನೇ ಹಿಡಿಯಬೇಕಾಗುತ್ತದೆ. ಜಾಯಿಂಟಿಗೆ ಮೊಳೆ ಹೊಡೆಯುವುದೂ ಬೇಡ. ಮರ ಸೀಳುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ.

ಮರ

ತೇಗಕ್ಕೆ ತೇಗ, ಬೀಟೆಗೆ ಬೀಟೆ, ಹೊನ್ನೆಗೆ ಹೊನ್ನೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ತೇಗದಲ್ಲೇ ಎಷ್ಟೊಂದು ಬಗೆ! ಬೇಗ ಬೆಳೆದ ತೋಟದ ತೇಗದಲ್ಲಿ ಸಾಮಾನ್ಯವಾಗಿ ವರ್ಷದ ಉಂಗುರಗಳು ಅಗಲ, ಬಣ್ಣ ತಿಳಿ. ಹಳೇ ಕುರ್ಚಿಯ ಒತ್ತಾದ ಎಳೆಯ ಪಕ್ಕ ಅದನ್ನು ಇಟ್ಟರೆ ತೇಪೆ ದೂರದಿಂದಲೇ ಕಾಣುತ್ತದೆ. ಅದಕ್ಕೇ ಗುಜರಿಯಲ್ಲಿ, ಕೆಡವಿದ ಮನೆಗಳ ಸಾಮಾನು ಮಾರುವ ಕಡೆ ಸಿಗುವ ಹಳೇ ಬಾಗಿಲು, ಕಿಟಕಿ ಚೌಕಟ್ಟು ತರುವುದು ಒಳ್ಳೆಯದು. ಆ ಮರ ಪೂರ್ತಿ ಒಣಗಿರುತ್ತದೆ, ಬಣ್ಣವೂ ಮಾಗಿರುತ್ತದೆ. ಕೊಯ್ಯುವ ಮೊದಲು ಒಳಗೆ ಮೊಳೆ ಇದೆಯಾ ಅಂತ ಅಯಸ್ಕಾಂತ ಹಿಡಿದು ನೋಡಿ.

ತುಂಡು ಆರಿಸುವಾಗ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ, ಮಾತ್ರ ತೆಗೆದುಕೊಳ್ಳಿ, ಅಂಚಿನ ಬಿಳಿ ಭಾಗ ಬಿಡಿ. ಕುಟ್ಟೆ ಹುಳುವಿಗೆ ಬೇಕಾದ ಪಿಷ್ಟ ಇರುವುದು ಆ ಬಿಳಿ ಭಾಗದಲ್ಲಿ. ಈ ಕುರ್ಚಿಯಲ್ಲೂ ಕುಟ್ಟೆ ಹಿಡಿದಿರುವುದು ಬಿಳಿ ಮರ ಸೇರಿಕೊಂಡ ಒಂದೇ ಪಟ್ಟಿಗೆ, ಪಕ್ಕದ ಚೇಗಿನ ಪಟ್ಟಿ ಮುಟ್ಟಿದರೆ ಕಲ್ಲಿನ ಹಾಗಿದೆ. ಸಣ್ಣ ತೂತುಗಳಿಂದ ಮೈದಾಹಿಟ್ಟಿನಷ್ಟು ನುಣ್ಣನೆ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ ಎಂದುಕೊಳ್ಳಿ. ಪಾಲಿಶ್ ತೆಗೆದ ಬರಿ ಮರಕ್ಕೆ ಬೋರಿಕ್ ಆಸಿಡ್ ಮತ್ತು ಬೊರಾಕ್ಸ್ ಕರಗಿಸಿದ ನೀರನ್ನು ಹಲವು ಸಲ ಕುಡಿಸಿ, ಚೆನ್ನಾಗಿ ಒಣಗಿಸಬೇಕು. ಸೀಮೆಎಣ್ಣೆ ಹಚ್ಚುವವರಿದ್ದಾರೆ. ಅದರ ಜಿಡ್ಡು ಕೂತರೆ ಆಮೇಲೆ ಅಂಟೂ ಹಿಡಿಯುವುದಿಲ್ಲ, ಪಾಲಿಶೂ ನಿಲ್ಲುವುದಿಲ್ಲ.

ಹೊಸ ತುಂಡನ್ನು ತಂದ ದಿನವೇ ಕೂರಿಸಬೇಡಿ. ಎರಡು ಮೂರು ವಾರ ಕುರ್ಚಿ ಇರುವ ಕೋಣೆಯಲ್ಲೇ ಇಡಿ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತಿರುತ್ತದೆ. ತೇಪೆಯ ಎಳೆ ಹಳೇ ಮರದ ಎಳೆಯ ದಿಕ್ಕಿನಲ್ಲೇ ಇರಬೇಕು ಅನ್ನುವುದು ಇದಕ್ಕೇ.

ಸ್ಕ್ರೂ

ಹಿತ್ತಾಳೆಯದೇ ಇರಲಿ. ಟ್ಯಾನಿನ್ ಅನ್ನುವ ಒಗರು ಅಂಶ ಇರುವ ಮರಕ್ಕೆ ಕಬ್ಬಿಣ ತಾಗಿ ತೇವ ಸೇರಿದರೆ ಕಪ್ಪು-ನೀಲಿ ಕಲೆ ಬೀಳುತ್ತದೆ. ಹಿತ್ತಾಳೆ ಮೆತ್ತನೆ ಲೋಹ, ಗಟ್ಟಿ ಮರದಲ್ಲಿ ತಿರುಗಿಸುವಾಗ ತಲೆ ಮುರಿದು ಒಳಗೇ ಉಳಿದುಬಿಡುತ್ತದೆ. ಮೊದಲು ತೂತು ಕೊರೆದು, ಅದೇ ಅಳತೆಯ ಸ್ಟೀಲ್ ಸ್ಕ್ರೂ ಹಾಕಿ ತೆಗೆಯಿರಿ. ಆಮೇಲೆ ಹಿತ್ತಾಳೆ ಸ್ಕ್ರೂಗೆ ಸ್ವಲ್ಪ ಮೇಣ ಸವರಿ ಕೈಯಿಂದಲೇ ತಿರುಗಿಸಿ.

ಪಾಲಿಶ್

ಹೊಸದು ಆರಿಸುವ ಮೊದಲು ಈಗಾಗಲೇ ಏನಿದೆ ಅಂತ ತಿಳಿಯಬೇಕು. ಕುರ್ಚಿಯ ಅಡಿಯಲ್ಲಿ, ಕಾಣದ ಜಾಗದಲ್ಲಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಇಡಿ. ಪಾಲಿಶ್ ಅಂಟಂಟಾದರೆ ಅದು ಅರಗು, ಅಂದರೆ ಶೆಲ್ಲಾಕ್. ಏನೂ ಆಗದಿದ್ದರೆ ಪಕ್ಕದಲ್ಲಿ ಥಿನ್ನರ್ ಹಚ್ಚಿ ನೋಡಿ. ಅದಕ್ಕೆ ಕರಗಿದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಇರಬಹುದು. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್, ಪಿಯು (ಪಾಲಿಯುರೆಥೇನ್) ಅಥವಾ ವಾರ್ನಿಶ್ ಇರುತ್ತದೆ.

ನನ್ನ ಕುರ್ಚಿಯಲ್ಲಿ ಹತ್ತಿ ಕಂದು ಬಣ್ಣಕ್ಕೆ ತಿರುಗಿ ಮೈಗೆ ಅಂಟಿಕೊಂಡಿತು. ಅರಗು! ಚನ್ನಪಟ್ಟಣದ ಬೊಂಬೆಗಳ ಹೊಳಪಿಗೂ ಅರಗೇ ಮೂಲ, ಮರಗಳ ಮೇಲೆ ಬಾಳುವ ಸಣ್ಣ ಕೀಟ ಸುರಿಸುವ ರಾಳ. ಬೊಂಬೆಗೆ ಅದನ್ನು ತಿರುಗಣಿಯ ಮೇಲೆ ಉಜ್ಜಿ, ಆ ಬಿಸಿಗೇ ಕರಗಿಸುತ್ತಾರೆ. ನಾವು ಸ್ಪಿರಿಟ್‌ನಲ್ಲಿ ಕರಗಿಸುತ್ತೇವೆ. ಒಂದು ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಹಳಕು ಹಾಕಿದರೆ ಬಟ್ಟೆಯ ಉಂಡೆಯಿಂದ ತೆಳ್ಳಗೆ ಹಚ್ಚಲು ಬರುತ್ತದೆ.

ಅರಗಿನ ದೊಡ್ಡ ಗುಣ ಅಂದರೆ ಹೊಸ ಪದರ ಹಳೇ ಪದರವನ್ನು ಸ್ವಲ್ಪ ಕರಗಿಸಿ ಅದರಲ್ಲೇ ಬೆರೆಯುತ್ತದೆ. ಪೂರ್ತಿ ಕೆರೆದು ತೆಗೆಯುವ ಅಗತ್ಯವೇ ಇಲ್ಲ. ಆ ಬಿಳಿ ಉಂಗುರ ಪದರದೊಳಗೆ ಸಿಕ್ಕಿಕೊಂಡ ತೇವ. ಬಟ್ಟೆಗೆ ಸ್ಪಿರಿಟ್ ಬರೀ ಸೋಕಿಸಿ, ನಿಲ್ಲಿಸದೆ, ಗಾಳಿ ಬೀಸಿದ ಹಾಗೆ ಸವರಿದೆ. ಮೂರನೇ ಸಲಕ್ಕೆ ಉಂಗುರ ಮಸುಕಾಯಿತು, ಐದನೇ ಸಲಕ್ಕೆ ಇರಲೇ ಇಲ್ಲ. ಒತ್ತಿ ಉಜ್ಜಿದ್ದರೆ ಪಾಲಿಶೇ ಎದ್ದು ಬರುತ್ತಿತ್ತು.

ಪಿಯು ನೀರಿಗೂ ಬಿಸಿಗೂ ಜಾಸ್ತಿ ತಡೆಯುತ್ತದೆ, ನಿಜ. ಅಡುಗೆಮನೆಯ ಹೊಸ ಮೇಜಿಗೆ ನಾನೂ ಅದನ್ನೇ ಹೇಳುತ್ತೇನೆ. ಹಳೇ ಕುರ್ಚಿಗೆ ಬೇಡ. ಗೀರು ಬಿದ್ದರೆ ಅಷ್ಟೇ ಜಾಗ ಸರಿಮಾಡುವುದು ತುಂಬಾ ಕಷ್ಟ. ಅರಗನ್ನು ಮಳೆ ಸುರಿಯುವ ದಿನ ಹಚ್ಚಬೇಡಿ, ಪದರ ಬೆಳ್ಳಗೆ ಮಂಜು ಕವಿದ ಹಾಗಾಗುತ್ತದೆ. ಅಗಸೆ ಎಣ್ಣೆ ಬಳಸುವವರಿಗೆ ಒಂದು ಮಾತು: ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಒಣಗಲು ಹಾಕಿ.

ಬೆತ್ತ

ಜೋತುಬಿದ್ದಿದೆ ಅಂತ ತಕ್ಷಣ ಕತ್ತರಿಸಬೇಡಿ. ಎಳೆ ತುಂಡಾಗಿಲ್ಲದಿದ್ದರೆ ಕುರ್ಚಿಯನ್ನು ಮಗುಚಿ, ಅಡಿಭಾಗಕ್ಕೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಹಾಸಿ. ಬೆತ್ತದ ಮೇಲ್ಮೈ ನುಣುಪು, ನೀರು ಹೀರುವುದಿಲ್ಲ. ಕೆಳಗಿನ ಸೀಳು ಮೈ ಹೀರುತ್ತದೆ. ಅರ್ಧ ಗಂಟೆ ಬಿಟ್ಟು ಬಟ್ಟೆ ತೆಗೆದು, ನೆರಳಲ್ಲಿ ರಾತ್ರಿಯೆಲ್ಲ ಒಣಗಲು ಬಿಡಿ. ನೀರು ಮರಕ್ಕೆ ಹರಿಯದಂತೆ ನೋಡಿಕೊಳ್ಳಿ, ಅಲ್ಲಿ ಅರಗಿದೆ ಅಲ್ವಾ. ನಾನು ನಿನ್ನೆ ಸಂಜೆ ಮಾಡಿಟ್ಟೆ. ಬೆಳಗ್ಗೆ ಬೆರಳಿನಿಂದ ತಟ್ಟಿದರೆ ತಮಟೆಯಷ್ಟು ಬಿಗಿ ಇಲ್ಲದಿದ್ದರೂ ಶಬ್ದ ಬರುವಷ್ಟು ಎಳೆದುಕೊಂಡಿತ್ತು. ಮುಂದಿನ ಅಂಚಿನಲ್ಲಿ ಎರಡು ಎಳೆ ಮಾತ್ರ ತುಂಡಾಗಿವೆ. ಅವಕ್ಕೆ ಅದೇ ಅಗಲದ ಬೆತ್ತದ ಎಳೆ ಬೇಕು, ಪ್ಲಾಸ್ಟಿಕ್‌ನದಲ್ಲ. ಒದ್ದೆಯಲ್ಲಿ ಹೆಣೆದ ಬೆತ್ತ ಒಣಗುತ್ತಾ ಉಳಿದ ಎಳೆಗಳ ಜೊತೆಗೇ ಬಿಗಿಯುತ್ತದೆ, ಪ್ಲಾಸ್ಟಿಕ್ ಬಿಗಿಯುವುದಿಲ್ಲ. ಅಳತೆಗೆಂದು ತುಂಡಾದ ಎಳೆಯ ಚೂರೊಂದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದೇನೆ. ಸಂತೆಯ ದಿನ ಮೇದರ ಹತ್ತಿರ ಹೋಗಬೇಕು.