ಬಿದ್ದ ಡೇಟಾಬೇಸ್ ಎದ್ದು ನಿಲ್ಲುವ ಬಗೆ

ಹೊರವರ್ತುಲ ರಸ್ತೆಯ ಕಚೇರಿಗಳು ಖಾಲಿಯಾದ ಮೇಲೆ ಬೆಂಗಳೂರಿನ ಕಂಪ್ಯೂಟರುಗಳಿಗೆ ನಿಜವಾದ ದುಡಿಮೆ ಶುರು. ಹಗಲಿಡೀ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ನಡೆದ ವ್ಯವಹಾರವೆಲ್ಲ ಅಲ್ಲಲ್ಲಿನ ಸಣ್ಣ ಡೇಟಾಬೇಸುಗಳಿಂದ ಹೊರಟು ಒಂದು ದೊಡ್ಡ ಡೇಟಾ ವೇರ್‌ಹೌಸ್ ಸೇರುವುದು ರಾತ್ರಿಯಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರ್ ಪರದೆಯ ಮೇಲೆ ನಿನ್ನೆಯ ಮಾರಾಟದ ಮೊತ್ತ ಮೂಡಬೇಕಾದರೆ ಈ ಲೋಡ್ ಅಷ್ಟರೊಳಗೆ ಮುಗಿದಿರಬೇಕು. ಮಧ್ಯದಲ್ಲೇ ಡೇಟಾಬೇಸ್ ಕ್ರ್ಯಾಶ್ ಆದರೆ ಏನು ಗತಿ?

ಜಯನಗರ, ಮಲ್ಲೇಶ್ವರ, ಯಲಹಂಕಗಳಲ್ಲಿ ಮಳಿಗೆಗಳಿರುವ ಒಂದು ದಿನಸಿ ಕಂಪನಿ ಇದೆ ಎಂದುಕೊಳ್ಳೋಣ. ಜಯನಗರದ ಲೆಕ್ಕ ಪೂರ್ತಿ ಬಂತು, ಮಲ್ಲೇಶ್ವರದ್ದೂ ಬಂತು, ಯಲಹಂಕದ್ದು ಅರ್ಧ ಬರುವಷ್ಟರಲ್ಲಿ ಮೆಮೊರಿ ಸಾಲದೆ ಸರ್ವರ್ ನಿಂತಿತು. ಯಲಹಂಕದ ಮೊತ್ತ ಸೊನ್ನೆ ಎಂದು ಬಂದಿದ್ದರೆ ಯಾರಾದರೂ ಕೂಡಲೇ ಫೋನ್ ಮಾಡುತ್ತಿದ್ದರು. ಅರ್ಧ ಬಂದಿದ್ದರೆ ಮಳೆಯಿಂದ ವ್ಯಾಪಾರ ಕಡಿಮೆಯಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ಮುಂದಿನ ವಾರಕ್ಕೆ ಆ ಮಳಿಗೆಗೆ ಅಕ್ಕಿ ಬೇಳೆಯನ್ನೂ ಕಡಿಮೆಯೇ ಕಳಿಸುತ್ತಾರೆ.

ವೇರ್‌ಹೌಸಿನ ವಿಶೇಷ ಅಪಾಯ ಇದೇ ಎಂದು ನನಗನಿಸುತ್ತದೆ. ಬ್ಯಾಂಕಿನ ಖಾತೆಯಲ್ಲಿ ಐನೂರು ರೂಪಾಯಿ ಕಾಣೆಯಾದರೆ ಖಾತೆದಾರ ಬಂದು ಕೇಳುತ್ತಾನೆ. ಕೋಟ್ಯಂತರ ಸಾಲುಗಳ ಮೊತ್ತದಲ್ಲಿ ಕೆಲವು ಸಾವಿರ ಸಾಲು ಕಾಣೆಯಾದರೆ ಕೇಳುವವರು ಯಾರೂ ಇಲ್ಲ. ಬೀಳುವುದು ದೊಡ್ಡ ಆಪತ್ತಲ್ಲ. ಬಿದ್ದದ್ದು ಗೊತ್ತಾಗದಂತೆ ಅರೆಬರೆ ಎದ್ದು ನಡೆಯುವುದು ಆಪತ್ತು. ಡೇಟಾಬೇಸ್ ವಿಜ್ಞಾನಿಗಳು ಹಲವು ದಶಕಗಳಿಂದ ತಲೆ ಕೆಡಿಸಿಕೊಂಡಿರುವುದೂ ಇದಕ್ಕಾಗಿಯೇ.

ಡೇಟಾಬೇಸ್ ತನ್ನ ಮಾಹಿತಿಯನ್ನು ಡಿಸ್ಕಿನಲ್ಲಿ ಪುಟಗಳಾಗಿ ಇಟ್ಟಿರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಒಂದು ಪುಟ ಸಾಮಾನ್ಯವಾಗಿ 8 ಕಿಲೋಬೈಟ್. ಬದಲಾವಣೆ ಬೇಕಾದಾಗ ಪುಟವನ್ನು ಮೆಮೊರಿಗೆ ತಂದು ಅಲ್ಲಿ ತಿದ್ದುತ್ತದೆ, ಡಿಸ್ಕಿಗೆ ವಾಪಸು ಬರೆಯುವುದನ್ನು ಬಿಡುವಾದಾಗ ಮಾಡುತ್ತದೆ. ವೇಗಕ್ಕೆ ಇದು ಅನಿವಾರ್ಯ. ಆದರೆ ಕ್ರ್ಯಾಶ್ ಆದಾಗ ಮೆಮೊರಿಯಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಗ ಎರಡು ಬಗೆಯ ತಪ್ಪು ಉಳಿಯಬಹುದು. 'ಆಯಿತು' ಎಂದು ಮಾತು ಕೊಟ್ಟ ಬದಲಾವಣೆ, ಅಂದರೆ ಕಮಿಟ್ ಆದದ್ದು, ಡಿಸ್ಕಿಗೆ ಇನ್ನೂ ಇಳಿದಿರುವುದಿಲ್ಲ. ಇಲ್ಲವೇ ಮುಗಿಯದ ಕೆಲಸದ ತುಣುಕುಗಳು ಆಗಲೇ ಡಿಸ್ಕಿಗೆ ಇಳಿದುಬಿಟ್ಟಿರುತ್ತವೆ.

ಚಿಕ್ಕಪೇಟೆಯ ಹಳೆಯ ವರ್ತಕರು ಇದಕ್ಕೆ ಪರಿಹಾರವನ್ನು ಕಾಗದದ ಮೇಲೆಯೇ ಕಂಡುಕೊಂಡಿದ್ದರು. ವ್ಯವಹಾರ ನಡೆದ ಕ್ರಮದಲ್ಲೇ ಮೊದಲು ಕಿರ್ದಿಗೆ ಬರೆಯುವುದು, ಆಮೇಲೆ ಬಿಡುವಾದಾಗ ಅವರವರ ಖಾತೆಗೆ ಏರಿಸುವುದು. ಖಾತೆ ಪುಸ್ತಕ ಹಾಳಾದರೂ ಕಿರ್ದಿ ಇದ್ದರೆ ಮತ್ತೆ ಬರೆಯಬಹುದು. ಡೇಟಾಬೇಸಿನ ಕಿರ್ದಿಗೆ ಲಾಗ್ ಎಂದು ಹೆಸರು. ಪುಟ ಡಿಸ್ಕಿಗೆ ಇಳಿಯುವ ಮೊದಲು ಅದರ ಬದಲಾವಣೆಯ ವಿವರ ಲಾಗಿನಲ್ಲಿ ಭದ್ರವಾಗಿ ಇರಲೇಬೇಕು, ಕಮಿಟ್ ಎಂದು ಹೇಳುವ ಮೊದಲೂ ಲಾಗ್ ಡಿಸ್ಕಿಗೆ ಇಳಿದಿರಬೇಕು. ಉಳಿದೆಲ್ಲ ಈ ಕಟ್ಟುಪಾಡಿನ ಮೇಲೆ ನಿಂತಿದೆ.

ಆದರೆ ಕಿರ್ದಿ ನೋಡಿ ಖಾತೆ ತುಂಬುವಾಗಲೇ ಮತ್ತೊಮ್ಮೆ ಕ್ರ್ಯಾಶ್ ಆದರೆ? ಈ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ ಕೊಟ್ಟದ್ದು 1992ರಲ್ಲಿ ಪ್ರಕಟವಾದ 'ಏರೀಸ್' ಎಂಬ ವಿಧಾನ. ಐಬಿಎಂನ ಅಲ್ಮಡೆನ್ ಸಂಶೋಧನಾಲಯದ ಸಿ. ಮೋಹನ್ ಮತ್ತು ಸಂಗಡಿಗರು ಅದನ್ನು ರೂಪಿಸಿದರು. ಮೋಹನ್ ಓದಿದ್ದು ನೆರೆಯ ಮದ್ರಾಸ್ ಐಐಟಿಯಲ್ಲಿ. ನಮ್ಮ ಊರಿನ ಕಾಲೇಜುಗಳಲ್ಲಿ ಡೇಟಾಬೇಸ್ ಪಾಠ ಕೇಳುವ ಹುಡುಗ ಹುಡುಗಿಯರಿಗೆ ಈ ಹೆಸರನ್ನು ಹೇಳಿಕೊಡಬೇಕು ಎಂಬುದು ನನ್ನ ಆಸೆ.

ಏರೀಸ್‌ನಲ್ಲಿ ಲಾಗಿನ ಪ್ರತಿ ನಮೂದಿಗೂ ಏರುವ ಕ್ರಮಸಂಖ್ಯೆ ಇರುತ್ತದೆ. ತನಗೆ ಕೊನೆಯದಾಗಿ ತಾಗಿದ ನಮೂದಿನ ಸಂಖ್ಯೆಯನ್ನು ಪ್ರತಿ ಪುಟವೂ ಹೊತ್ತಿರುತ್ತದೆ. ಎದ್ದ ಡೇಟಾಬೇಸ್ ಮೊದಲು ಲಾಗನ್ನು ಓದಿ, ಕ್ರ್ಯಾಶ್ ಆದಾಗ ಯಾವ ಕೆಲಸಗಳು ಅರ್ಧದಲ್ಲಿದ್ದವು ಎಂದು ಗುರುತಿಸುತ್ತದೆ. ನಂತರ ನಡೆದದ್ದನ್ನೆಲ್ಲ, ಮುಗಿಯದ ಕೆಲಸಗಳನ್ನೂ ಸೇರಿಸಿ, ಇದ್ದ ಹಾಗೆಯೇ ಮತ್ತೆ ಮಾಡುತ್ತದೆ. ಪುಟದ ಮೇಲಿನ ಸಂಖ್ಯೆ ಆಗಲೇ ನಮೂದಿನಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಆ ನಮೂದನ್ನು ದಾಟಿ ಮುಂದೆ ಹೋಗುತ್ತದೆ, ಹಾಗಾಗಿ ಒಂದೇ ಬದಲಾವಣೆ ಎರಡು ಸಲ ಆಗುವುದಿಲ್ಲ. ಕೊನೆಗೆ ಮುಗಿಯದ ಕೆಲಸಗಳ ಬದಲಾವಣೆಗಳನ್ನು ಕೊನೆಯದರಿಂದ ಮೊದಲಿನದರ ಕಡೆಗೆ ಒಂದೊಂದಾಗಿ ಅಳಿಸುತ್ತದೆ. ಸೊಗಸು ಇರುವುದು ಇಲ್ಲಿ: ಹಾಗೆ ಅಳಿಸಿದ್ದನ್ನೂ ಲಾಗಿಗೆ ಹೊಸ ನಮೂದಾಗಿ ಬರೆಯುತ್ತದೆ. ನಡುವೆ ಮತ್ತೆ ಬಿದ್ದರೂ ಎಲ್ಲಿಯವರೆಗೆ ಅಳಿಸಿಯಾಗಿದೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ಹತ್ತು ಸಲ ಬಿದ್ದರೂ ಫಲ ಒಂದೇ. ಯಲಹಂಕದ ಅರ್ಧ ಲೆಕ್ಕ ಪೂರ್ತಿ ಮಾಯವಾಗುತ್ತದೆ, ಲೋಡನ್ನು ಧೈರ್ಯವಾಗಿ ಮತ್ತೆ ಓಡಿಸಬಹುದು.

ಇದೆಲ್ಲ ನಿಜವಾಗಬೇಕಾದರೆ 'ಡಿಸ್ಕಿಗೆ ಬರೆದೆ' ಎಂದು ಆಪರೇಟಿಂಗ್ ಸಿಸ್ಟಂ ಹೇಳಿದ್ದು ನಿಜವಾಗಿರಬೇಕು. 2018ರಲ್ಲಿ ಪೋಸ್ಟ್‌ಗ್ರೆಸ್ ಬಳಗಕ್ಕೆ ಈ ನಂಬಿಕೆಯೇ ಅಲುಗಾಡಿತು. ಬರೆದದ್ದು ಡಿಸ್ಕಿಗೆ ಖಂಡಿತ ಇಳಿಯಲಿ ಎಂದು ಕೇಳುವ 'ಎಫ್‌ಸಿಂಕ್' ಎಂಬ ಕರೆ ಒಮ್ಮೆ ವಿಫಲವಾದರೆ ಇನ್ನೊಮ್ಮೆ ಕೇಳಿದರಾಯಿತು ಎಂದು ಪೋಸ್ಟ್‌ಗ್ರೆಸ್ ಅಂದುಕೊಂಡಿತ್ತು. ಆದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಮೊದಲ ವಿಫಲತೆಯ ನಂತರ ಆ ಪುಟಕ್ಕೆ 'ಬರೆಯುವುದೇನೂ ಬಾಕಿ ಇಲ್ಲ' ಎಂಬ ಗುರುತು ಬೀಳಬಹುದಿತ್ತು. ಎರಡನೇ ಕರೆಗೆ ಯಶಸ್ಸಿನ ಉತ್ತರ ಬರುತ್ತಿತ್ತು, ಮಾಹಿತಿ ಮಾತ್ರ ಡಿಸ್ಕಿನಲ್ಲಿ ಇರುತ್ತಿರಲಿಲ್ಲ. 2019ರ ಆರಂಭದಲ್ಲಿ ಬಂದ ತಿದ್ದುಪಡಿ ನನಗೆ ಬಹಳ ಪ್ರಾಮಾಣಿಕವಾಗಿ ಕಂಡಿತು. ಎಫ್‌ಸಿಂಕ್ ವಿಫಲವಾದ ಕೂಡಲೇ ಡೇಟಾಬೇಸ್ ಬೇಕೆಂದೇ ಕ್ರ್ಯಾಶ್ ಆಗಿ, ಲಾಗಿನಿಂದ ಹೊಸದಾಗಿ ಏಳುತ್ತದೆ. ಅನುಮಾನ ಇಟ್ಟುಕೊಂಡು ಓಡುವುದಕ್ಕಿಂತ ಬಿದ್ದು ಏಳುವುದೇ ವಾಸಿ ಎಂಬ ನಿರ್ಧಾರ ಅದು.

ಇನ್ನು ಗಾತ್ರದ ಪ್ರಶ್ನೆ. ಅಂಗಡಿಯ ಒಂದು ಬಿಲ್ಲನ್ನು ಅಳಿಸಲು ಕಣ್ಣೆವೆ ಮುಚ್ಚುವಷ್ಟು ಹೊತ್ತೂ ಬೇಡ. ವೇರ್‌ಹೌಸಿನ ಲೋಡ್ ಐದು ಗಂಟೆ ಓಡಿ ಬಿದ್ದರೆ ಅಷ್ಟನ್ನೂ ಹಿಂದಕ್ಕೆ ಅಳಿಸಬೇಕು. ಈ ರೋಲ್‌ಬ್ಯಾಕ್ ಹಳೆಯ ವ್ಯವಸ್ಥೆಗಳಲ್ಲಿ ಲೋಡಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಆನ್-ಕಾಲ್‌ನಲ್ಲಿರುವವರು ತಾಳ್ಮೆಗೆಟ್ಟು ಸರ್ವರನ್ನೇ ರಿಸ್ಟಾರ್ಟ್ ಮಾಡುತ್ತಾರೆ. ಇದು ಸಹಜ, ಆದರೆ ಉಪಯೋಗವಿಲ್ಲ. ಎದ್ದ ಡೇಟಾಬೇಸ್ ಅದೇ ಅಳಿಸುವ ಕೆಲಸಕ್ಕೆ ಮತ್ತೆ ಕೂರುತ್ತದೆ.

ಇದರಿಂದ ಪಾರಾಗಲು ಹಳೆಯದನ್ನು ತಿದ್ದದೆ ಪಕ್ಕದಲ್ಲಿ ಹೊಸದನ್ನು ಬರೆಯುವ ದಾರಿ ಇದೆ. ಪೋಸ್ಟ್‌ಗ್ರೆಸ್ ಮಾಡುವುದು ಅದನ್ನೇ. ಬಿದ್ದ ಕೆಲಸದ ಸಾಲುಗಳು ಯಾರ ಲೆಕ್ಕಕ್ಕೂ ಬಾರದೆ ಉಳಿಯುತ್ತವೆ, ಅವನ್ನು ಆಮೇಲೆ ಗುಡಿಸಬೇಕಾಗುತ್ತದೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯುಎಲ್ ಸರ್ವರ್ ಕೂಡ 2019ರ ಆವೃತ್ತಿಯಲ್ಲಿ ಹಳೆಯ ರೂಪಗಳನ್ನು ಉಳಿಸಿಕೊಂಡು ರೋಲ್‌ಬ್ಯಾಕನ್ನು ಕ್ಷಣದಲ್ಲಿ ಮುಗಿಸುವ ಏರ್ಪಾಡು ತಂದಿತು. ಸ್ನೋಫ್ಲೇಕ್, ಐಸ್‌ಬರ್ಗ್, ಡೆಲ್ಟಾ ಲೇಕ್ ಎಂಬ ಹೊಸ ಬಗೆಯ ವೇರ್‌ಹೌಸ್ ವ್ಯವಸ್ಥೆಗಳ ಕಾಲದಲ್ಲಿ ಒಮ್ಮೆ ಬರೆದ ಫೈಲನ್ನು ಯಾರೂ ಮುಟ್ಟುವುದೇ ಇಲ್ಲ. ಹೊಸ ಫೈಲುಗಳನ್ನೆಲ್ಲ ಬರೆದು ಮುಗಿಸಿ, ಕೊನೆಯ ಒಂದೇ ಹೆಜ್ಜೆಯಲ್ಲಿ 'ಈ ಟೇಬಲ್ ಎಂದರೆ ಇನ್ನು ಈ ಫೈಲುಗಳು' ಎಂದು ದಾಖಲಿಸಲಾಗುತ್ತದೆ. ಅದಕ್ಕೆ ಮೊದಲು ಬಿದ್ದರೆ ಹಳೆಯ ಟೇಬಲ್ ಹಾಗೇ ಇರುತ್ತದೆ.

ಡೇಟಾಬೇಸ್ ಇಷ್ಟೆಲ್ಲ ಮಾಡಿದರೂ ಲೋಡ್ ಬರೆಯುವವರ ಪಾಲು ಉಳಿದೇ ಇರುತ್ತದೆ. ಕಮಿಟ್ ಆಗಿದೆ, 'ಆಯಿತು' ಎಂಬ ಉತ್ತರ ಬರುವ ಮೊದಲು ನೆಟ್‌ವರ್ಕ್ ಹೋಯಿತು. ಜಾಬ್ ಮತ್ತೆ ಓಡಿದರೆ ಯಲಹಂಕದ ಮಾರಾಟ ಎರಡರಷ್ಟಾಗುತ್ತದೆ. 'ನಿನ್ನೆಯ ಸಾಲುಗಳನ್ನು ಸೇರಿಸು' ಎಂದು ಬರೆಯುವ ಬದಲು 'ನಿನ್ನೆಯ ತಾರೀಖಿನ ಭಾಗವನ್ನು ಇದರಿಂದ ಬದಲಿಸು' ಎಂದು ಬರೆದರೆ ಎಷ್ಟು ಸಲ ಓಡಿದರೂ ಲೆಕ್ಕ ಒಂದೇ ಇರುತ್ತದೆ.

ಲಾಗ್ ಕಾಯುವುದು ಕ್ರ್ಯಾಶ್‌ನಿಂದ ಮಾತ್ರ. ಮನುಷ್ಯ ಕೈಯಾರೆ ಅಳಿಸಿದರೆ ಬ್ಯಾಕಪ್ಪೇ ಗತಿ. 2017ರ ಜನವರಿ 31ರಂದು ತಂತ್ರಾಂಶದ ಕೋಡ್ ಇಡುವ ಜಾಲತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಫೈಲುಗಳನ್ನು ಅಳಿಸಿದರು. ದಿನನಿತ್ಯದ ಬ್ಯಾಕಪ್ ಎಷ್ಟೋ ದಿನದಿಂದ ವಿಫಲವಾಗುತ್ತಿದ್ದದ್ದು ಆಗ ಬೆಳಕಿಗೆ ಬಂತು. ಕೈಹಿಡಿದದ್ದು ಸುಮಾರು ಆರು ಗಂಟೆ ಮೊದಲು ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ನಕಲು, ಆ ಆರು ಗಂಟೆಗಳ ಮಾಹಿತಿ ಹೋಯಿತು. ಕಂಪನಿ ಇಡೀ ವಿವರವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿತು.

ಹಾಗಾಗಿ ಬ್ಯಾಕಪ್ಪಿನಿಂದ ಬೇರೊಂದು ಸರ್ವರಿಗೆ ನಿಜವಾಗಿ ರಿಸ್ಟೋರ್ ಮಾಡಿ ನೋಡುವ ದಿನವೊಂದು ಪ್ರತಿ ತಂಡದ ಕ್ಯಾಲೆಂಡರಿನಲ್ಲಿ ಇರಬೇಕು. ರಿಸ್ಟೋರ್ ಮುಗಿದ ಮೇಲೆ ತಾರೀಖುವಾರು, ಮಳಿಗೆವಾರು ಸಾಲುಗಳ ಎಣಿಕೆಯನ್ನೂ ಮೊತ್ತವನ್ನೂ ತೆಗೆದು ಮೂಲ ಡೇಟಾಬೇಸಿನ ಅಂಕಿಗಳ ಜೊತೆ ತಾಳೆ ನೋಡಬೇಕು. ಇದೇ ತಾಳೆಯನ್ನು ಪ್ರತಿ ರಾತ್ರಿಯ ಲೋಡಿನ ಕೊನೆಗೂ ಹಾಕಿ, ಹೊಂದದಿದ್ದರೆ ವರದಿಯನ್ನು ತಡೆಹಿಡಿಯುವಂತೆ ಮಾಡಬಹುದು. ಬೆಳಿಗ್ಗೆ ಮ್ಯಾನೇಜರಿಗೆ ವರದಿ ಒಂದು ಗಂಟೆ ತಡವಾದೀತು, ಯಲಹಂಕಕ್ಕೆ ಹೋಗಬೇಕಾದ ಅಕ್ಕಿ ಬೇಳೆ ಮಾತ್ರ ಸರಿಯಾಗಿ ಹೋಗುತ್ತದೆ.