ದೂರದ ಓಟ, ಊಟ ಮತ್ತು ಕರುಳಿನ ಬ್ಯಾಕ್ಟೀರಿಯಾ

ನಾರಿನಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಆಗ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಒಳಪೊರೆಯ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ.

ವ್ಯಾಯಾಮದಿಂದ ಬ್ಯುಟಿರೇಟ್ ಹೆಚ್ಚುತ್ತದೆಯೇ? ಹೆಚ್ಚಬಹುದು, ಆದರೆ ಬಿಟ್ಟರೆ ಉಳಿಯದು. 2018ರಲ್ಲಿ ಪ್ರಕಟವಾದ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ವ್ಯಾಯಾಮದ ರೂಢಿಯಿಲ್ಲದವರು ವಾರಕ್ಕೆ 3 ದಿನ, ದಿನಕ್ಕೆ 30ರಿಂದ 60 ನಿಮಿಷ, 6 ವಾರ ಬೆವರಿಳಿಸಿದರು. ಬ್ಯುಟಿರೇಟ್ ಏರಿದ್ದು ತೆಳ್ಳಗಿನವರಲ್ಲಿ. ಬೊಜ್ಜು ಇದ್ದವರಲ್ಲಿ ಅಲ್ಲ. ಮತ್ತೆ 6 ವಾರ ಸುಮ್ಮನೆ ಕುಳಿತಾಗ ಬಂದ ಬದಲಾವಣೆಗಳು ಬಹುಮಟ್ಟಿಗೆ ಅಳಿಸಿಹೋದವು. 2014ರ ಐರಿಷ್ ರಗ್ಬಿ ಆಟಗಾರರ ಅಧ್ಯಯನವನ್ನು ಎಚ್ಚರದಿಂದ ಓದಿ: ಅವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತ್ತು, ಜೊತೆಗೆ ಪ್ರೋಟೀನ್ ಸೇವನೆಯೂ ಹೆಚ್ಚಿತ್ತು. ಯಾವುದು ಆಟದ ಫಲ, ಯಾವುದು ಊಟದ ಫಲ ಎಂದು ಅದರಿಂದ ಬಿಡಿಸಿ ಹೇಳಲಾಗದು.

ನನಗೆ ಅತ್ಯಂತ ಸ್ವಾರಸ್ಯವೆನಿಸುವುದು ವೆಯ್ಲೊನೆಲ್ಲಾ ಎಂಬ ಕರುಳಿನ ಬ್ಯಾಕ್ಟೀರಿಯಾ. ಬಿರುಸಾಗಿ ಓಡುವಾಗ ಸ್ನಾಯುಗಳಲ್ಲಿ ಹುಟ್ಟಿದ ಲ್ಯಾಕ್ಟೇಟ್ ರಕ್ತದಿಂದ ಕರುಳಿನೊಳಕ್ಕೂ ಜಿನುಗುತ್ತದೆ. ಈ ಬ್ಯಾಕ್ಟೀರಿಯಾ ಅದನ್ನೇ ತಿಂದು ಪ್ರೊಪಿಯೋನೇಟ್ ಮಾಡುತ್ತದೆ. ಬೋಸ್ಟನ್ ಮ್ಯಾರಥಾನ್ ಓಟಗಾರರಲ್ಲಿ ಓಟದ ನಂತರ ಇದು ಹೆಚ್ಚಿದ್ದು ಕಂಡುಬಂತು. ಇದನ್ನು ಪಡೆದ ಇಲಿಗಳು ಟ್ರೆಡ್‌ಮಿಲ್ ಮೇಲೆ ಶೇ. 13ರಷ್ಟು ಹೆಚ್ಚು ಹೊತ್ತು ಓಡಿದವೆಂದು 2019ರಲ್ಲಿ ವರದಿಯಾಯಿತು. ಇಲಿಗಳು ಎಂಬುದನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ.

ಇನ್ನು ಓಡುವಾಗ ಹೊಟ್ಟೆ ಕೆಡುವುದೇಕೆ? ತೀವ್ರ ಓಟದಲ್ಲಿ ಕರುಳಿಗೆ ಹರಿಯುವ ರಕ್ತ ಶೇ. 80ರವರೆಗೂ ಇಳಿಯಬಹುದು. ಅದೇ ಹೊತ್ತಿಗೆ ಸಿಹಿ ಪಾನೀಯ, ಜೆಲ್ ಸುರಿಯುತ್ತೇವೆ. ಗ್ಲೂಕೋಸನ್ನು ಕರುಳಿನ ಗೋಡೆಯ ಕೋಶಗಳೊಳಗೆ ಸಾಗಿಸುವ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನ್ ಗಂಟೆಗೆ ಸುಮಾರು 60 ಗ್ರಾಂಗೆ ತುಂಬಿಹೋಗುತ್ತದೆ. ಮಿಕ್ಕದ್ದು ನೀರನ್ನು ಕರುಳಿನೊಳಗೆ ಎಳೆಯುತ್ತದೆ, ಕೆಳಗಿಳಿದು ಬ್ಯಾಕ್ಟೀರಿಯಾಗಳಿಗೆ ಸಿಕ್ಕಿ ಗ್ಯಾಸ್ ಆಗುತ್ತದೆ. ಉಬ್ಬರ, ನುಲಿತ, ಭೇದಿ ಬರುವುದು ಹೀಗೆ. ಫ್ರಕ್ಟೋಸ್‌ಗೆ ಜಿಎಲ್‌ಯುಟಿ5 ಎಂಬ ಬೇರೆ ದಾರಿಯಿದೆ. ಆದ್ದರಿಂದ ಎರಡೂವರೆ ಗಂಟೆ ಮೀರುವ ಓಟಗಳಲ್ಲಿ ಗ್ಲೂಕೋಸ್ ಎರಡು ಪಾಲು, ಫ್ರಕ್ಟೋಸ್ ಒಂದು ಪಾಲು ಬೆರೆಸಿದರೆ ಗಂಟೆಗೆ 90 ಗ್ರಾಂವರೆಗೆ ಸಕ್ಕರೆ ದಕ್ಕುತ್ತದೆ. ಒಂದೇ ದಿನಕ್ಕೆ ಅಲ್ಲಿಗೆ ಜಿಗಿಯಬೇಡಿ: ವಾರದ ದೀರ್ಘ ಓಟದಲ್ಲಿ ಗಂಟೆಗೆ 30 ಗ್ರಾಂನಿಂದ ಶುರುಮಾಡಿ, ವಾರವಾರ 10 ಗ್ರಾಂ ಏರಿಸಿ, ಹೊಟ್ಟೆ ಮುನಿದರೆ ಹಿಂದಿನ ಅಳತೆಯಲ್ಲೇ ಇನ್ನೊಂದು ವಾರ ನಿಲ್ಲಿ.

ನಾರಿಗೂ ಇದೇ ತಾಳ್ಮೆ ಬೇಕು. ದಿನಕ್ಕೆ 25–30 ಗ್ರಾಂ ಗುರಿಯಿರಲಿ, ವಾರಕ್ಕೆ 5 ಗ್ರಾಂನಂತೆ ಹೆಚ್ಚಿಸಿ, ನೀರನ್ನೂ ಹೆಚ್ಚಿಸಿ. ಸ್ಪರ್ಧೆಗೆ ಒಂದೆರಡು ದಿನ ಮುಂಚೆ ಮಾತ್ರ ಕಾಳು, ಸಿಪ್ಪೆ, ಹಸಿ ತರಕಾರಿ ತಗ್ಗಿಸಿ. ಓಟಕ್ಕೆ ಮುನ್ನ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗುವ ರೂಢಿ ಬಿಡಲೇಬೇಕು. ರಕ್ತ ಕಡಿಮೆಯಾಗಿ ಮೊದಲೇ ನೊಂದ ಕರುಳಿನ ಪೊರೆಯನ್ನು ಅದು ಇನ್ನಷ್ಟು ಸೋರುವಂತೆ ಮಾಡುತ್ತದೆ.