ಪದ ಪರಿಚಯ: ಡಿಲೇಡ್ ಕಾರ್ಡ್ ಕ್ಲ್ಯಾಂಪಿಂಗ್

ದಾವಣಗೆರೆಯಲ್ಲಿ ನನ್ನ ತಂಗಿಗೆ ಏಳೂವರೆ ತಿಂಗಳಿಗೇ ಹೆರಿಗೆ ಆಯಿತು. ಆಸ್ಪತ್ರೆ ಚೀಟಿಯಲ್ಲಿ ‘ಡಿಲೇಡ್ ಕಾರ್ಡ್ ಕ್ಲ್ಯಾಂಪಿಂಗ್, 60 ಸೆಕೆಂಡ್’ ಎಂದು ಬರೆದಿತ್ತು. ಓದಿ ಹೇಳಿದ್ದೇ ತಡ, ಅವಳ ಅತ್ತೆ ಗಾಬರಿಯಾದರು. ‘ಬಳ್ಳಿ ಕೊಯ್ಯಾಕೆ ಯಾಕಮ್ಮಾ ತಡ ಮಾಡಿದ್ರು? ಡಾಕ್ಟ್ರು ಇರಲಿಲ್ವಾ?’

ಡಿಲೇಡ್ ಅಂದರೆ ಯಾರೋ ಮರೆತ ಹಾಗೆ ಕೇಳಿಸುತ್ತದೆ. ಇದು ಕೂಸು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕಿ ಕತ್ತರಿಸುವ ಮೊದಲು ಬೇಕೆಂದೇ ಸ್ವಲ್ಪ ಹೊತ್ತು ಕಾಯುವುದು.

ಕೂಸು ಹೊರಗೆ ಬಂದ ಕೂಡಲೇ ಹೊಕ್ಕುಳಬಳ್ಳಿಯ ಕೆಲಸ ಮುಗಿಯುವುದಿಲ್ಲ. ತಿರುಚಿದ ಹಗ್ಗದ ಹಾಗೆ ದಪ್ಪಗೆ, ನೀಲಿಯಾಗಿ ಇರುತ್ತದೆ. ಬೆರಳಿಟ್ಟರೆ ನಾಡಿ ಬಡಿತ ತಿಳಿಯುತ್ತದೆ. ಕೆಲವು ನಿಮಿಷದಲ್ಲಿ ಬಡಿತ ನಿಂತು, ಬೆಳ್ಳಗಾಗಿ ಜೋತು ಬೀಳುತ್ತದೆ. ಅಷ್ಟರಲ್ಲಿ ಕಸದಲ್ಲಿ, ಅಂದರೆ ಮಾಸಿನಲ್ಲಿ, ಉಳಿದಿದ್ದ ರಕ್ತ ಕೂಸಿಗೆ ಸೇರುತ್ತದೆ. ಅದು ಕೂಸಿನದ್ದೇ ರಕ್ತ. ದಿನ ತುಂಬಿದ ಕೂಸಾದರೆ ಒಟ್ಟು ರಕ್ತದ ಸುಮಾರು ಮೂರನೇ ಒಂದು ಭಾಗ ಆಗ ಅಲ್ಲಿರುತ್ತದೆ. ದಿನ ತುಂಬದಿದ್ದರೆ ಇನ್ನೂ ಜಾಸ್ತಿ. ಹುಟ್ಟಿದ ತಕ್ಷಣ ಕ್ಲಿಪ್ ಹಾಕಿ ಕತ್ತರಿಸಿದರೆ ಅಷ್ಟೂ ಕಸದ ಜೊತೆ ಹೋಯಿತು, ಅಲ್ವಾ?

ರಕ್ತದ ಜೊತೆ ಕಬ್ಬಿಣಾಂಶವೂ ಕೂಸಿಗೆ ಸೇರುತ್ತದೆ. ಕಬ್ಬಿಣದ ಲೆಕ್ಕ ಇಲ್ಲೇ ಬರುವುದು. ತಾಯಿಯಿಂದ ಕೂಸಿಗೆ ಕಬ್ಬಿಣಾಂಶ ಇಳಿಯುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಅವಸರಕ್ಕೆ ಹುಟ್ಟಿದ ಕೂಸಿಗೆ ಆ ದಿನಗಳೇ ಸಿಗಲಿಲ್ಲ. ಹುಟ್ಟಿದ ಮೇಲೆ ಬೆಳೆಯುವುದೋ ಬಲು ಬೇಗ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಪರೀಕ್ಷೆಗೆಂದು ಹಿಮ್ಮಡಿ ಚುಚ್ಚಿ ರಕ್ತ ಬೇರೆ ತೆಗೆಯುತ್ತಾರೆ. ಹಾಗಾಗಿ ಬಳ್ಳಿಯಿಂದ ಬರುವ ಪ್ರತಿ ಚಮಚ ರಕ್ತವೂ ಮುಂದಿನ ತಿಂಗಳುಗಳಿಗೆ ಬುತ್ತಿ. ಮಿದುಳು ಬೆಳೆಯುವುದಕ್ಕೂ ಕಬ್ಬಿಣ ಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ 1 ನಿಮಿಷ ಕಾಯಿರಿ ಎಂದು. ರಕ್ತಹೀನತೆ ಕಡಿಮೆ ಮಾಡಲು ಕೇಂದ್ರ ಸರ್ಕಾರ ತಂದ 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲೂ ಇದು ಸೇರಿದೆ. ತಾಯಿಗೆ ಜೋರು ರಕ್ತಸ್ರಾವವಾದರೆ, ಇಲ್ಲವೇ ಕೂಸಿಗೆ ಕೂಡಲೇ ಉಸಿರು ಕೊಡಬೇಕಾಗಿ ಬಂದರೆ ಡಾಕ್ಟರು ಬೇಗ ಕತ್ತರಿಸಬಹುದು. ಅದು ತಪ್ಪಲ್ಲ. ಬಳ್ಳಿಯನ್ನು ಕೈಯಿಂದ ಹಿಂಡಿ ರಕ್ತ ತಳ್ಳುವುದು ಬೇರೆಯೇ ವಿಧಾನ. 28 ವಾರಕ್ಕೂ ಮುಂಚೆ ಹುಟ್ಟಿದ ಕೂಸಿಗೆ ಅದು ಬೇಡವೇ ಬೇಡ, ಮಿದುಳಿನಲ್ಲಿ ರಕ್ತ ಸೋರುವ ಭಯವಿದೆ.

ಇಷ್ಟು ಹೇಳಿದ ಮೇಲೆ ಅತ್ತೆಗೆ ಸಮಾಧಾನವಾಯಿತು. ಅವರ ಕಾಲದಲ್ಲಿ ಸೂಲಗಿತ್ತಿಯೂ ಕಸ ಬಿದ್ದ ಮೇಲೇ ಬಳ್ಳಿ ಕೊಯ್ಯುತ್ತಿದ್ದಳಂತೆ.

ಬಳ್ಳಿ ಕತ್ತರಿಸಲು ಕಾದಿದ್ದರೂ ಅವಸರಕ್ಕೆ ಹುಟ್ಟಿದ ಕೂಸಿಗೆ ಕಬ್ಬಿಣದ ಡ್ರಾಪ್ಸ್ ಬೇಕೇ ಬೇಕು. ಯಾವಾಗಿಂದ, ಎಷ್ಟು ಅನ್ನುವುದನ್ನು ಮಕ್ಕಳ ಡಾಕ್ಟರು ತೂಕ ನೋಡಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಈಗ ಅತ್ತೆಯೇ ದಿನಾ ಡ್ರಾಪರ್ ಬೆಳಕಿಗೆ ಹಿಡಿದು, ಗೆರೆ ನೋಡಿ ಹಾಕುತ್ತಾರೆ. ಕೂಸಿನ ಕಕ್ಕ ಕಪ್ಪುಹಸಿರಾಗಿದ್ದಕ್ಕೆ ಒಂದು ದಿನ ಹೆದರಿದ್ದರು. ಅದು ಡ್ರಾಪ್ಸಿನ ಬಣ್ಣ ಅಷ್ಟೇ.